ಎರಡು ಸುಳಿಯ ಮೇಷ್ಟ್ರು

ಅವನ ಸ್ವಂತ ಹೆಸರು ಅಂಗಡಿಯ ಲೈಸೆನ್ಸಿನಲ್ಲಿತ್ತು, ಅಷ್ಟೇ. ಬೀದಿಗೆಲ್ಲ ಅವನು ರೇಡಿಯೋ. ಕುರ್ಚಿಯಲ್ಲಿ ಕೂತವರ ಕೊರಳಿಗೆ ಬಟ್ಟೆ ಕಟ್ಟಿದ ಕೂಡಲೇ ಅವನ ಬಾಯಿ ಶುರುವಾಗುತ್ತಿತ್ತು. ಕೆಲಸ ಮುಗಿದು ಬಟ್ಟೆ ಬಿಚ್ಚಿ ಒದರುವವರೆಗೆ ನಿಲ್ಲುತ್ತಿರಲಿಲ್ಲ. ಬೆಳಗಿನ ರೈಲು ತಡವಾದದ್ದು, ಎದುರಿನ ಔಷಧಿ ಅಂಗಡಿಯವನು ಹೊಸ ಹಲ್ಲು ಕಟ್ಟಿಸಿಕೊಂಡದ್ದು, ಮೇಲಿನ ಮನೆಯ ನಲ್ಲಿ ಸೋರಿ ತನ್ನ ಗೋಡೆ ನೆನೆದದ್ದು, ಯಾವುದನ್ನೂ ಅವನು ಬಿಟ್ಟವನಲ್ಲ. ಇವರು ಕತ್ತರಿ ಕೆಳಗಿಟ್ಟು ಬರೀ ಮಾತಾಡಿದರೂ ಸಾಕು, ಕೂದಲು ತಾನಾಗಿ ಉದುರುತ್ತದೆ ಎಂದು ಹೆಂಡತಿ ಹೇಳುತ್ತಿದ್ದಳು. ಅವಳು ತೀರಿಕೊಂಡು ಎಂಟು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಅಂಗಡಿಯ ಮೇಲೆಯೇ ಒಂದು ಕೋಣೆ. ಅಲ್ಲಿ ಮಾತಿಗೆ ಯಾರೂ ಇಲ್ಲದ್ದರಿಂದ ಕೆಳಗೆ ಎರಡು ಪಟ್ಟು ಮಾತಾಡುತ್ತಿದ್ದ.

ಇನ್ನೊಂದು ವಿಚಿತ್ರವಿತ್ತು. ಅವನಿಗೆ ಮುಖ ನೆನಪಿರುತ್ತಿರಲಿಲ್ಲ. ಮೂವತ್ತನಾಲ್ಕು ವರ್ಷ ಜನರ ಬೆನ್ನ ಹಿಂದೆ ನಿಂತು ದುಡಿದವನಿಗೆ ನೆತ್ತಿ, ಕತ್ತು, ಕಿವಿಯ ಹಿಂಭಾಗ ಇವೇ ಗುರುತು. ಬೀದಿಯಲ್ಲಿ ಎದುರಿಗೆ ಬಂದ ಗಿರಾಕಿ ನಕ್ಕರೆ ಇವನೂ ಸುಮ್ಮನೆ ಒಂದು ನಗೆ ಕೊಟ್ಟು ಮುಂದೆ ಹೋಗಿಬಿಡುತ್ತಿದ್ದ. ನಾಲ್ಕು ಹೆಜ್ಜೆ ದಾಟಿ, ತಿರುಗಿ ನೋಡಿ, ತಲೆಯ ಹಿಂಭಾಗ ಕಂಡ ಮೇಲೆ, ಓ ನೀವಾ ಎಂದು ಕೂಗಿ ಕರೆಯುತ್ತಿದ್ದ. ಹೆಸರಂತೂ ಯಾರದ್ದೂ ಕೇಳಿದವನಲ್ಲ. ಫೋನ್ ನಂಬರು ಬರೆದಿಟ್ಟುಕೊಂಡವನೂ ಅಲ್ಲ. ಕೂದಲು ಬೆಳೆದರೆ ಬರುತ್ತಾರೆ, ಎಲ್ಲಿಗೆ ಹೋಗುತ್ತಾರೆ ಎನ್ನುವ ಧೈರ್ಯ.

ಅಂಥ ತಲೆಗಳಲ್ಲೆಲ್ಲ ಅವನಿಗೆ ಅಚ್ಚುಮೆಚ್ಚಿನದು ಮೇಷ್ಟ್ರದು. ನೆತ್ತಿಯ ಮೇಲೆ ಎರಡು ಸುಳಿ, ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ. ಎರಡು ಸುಳಿಯಿದ್ದವರಿಗೆ ಎರಡು ಮದುವೆ ಅಂತಾರಲ್ಲ, ಮೇಷ್ಟ್ರಿಗೆ ಒಂದೂ ಆಗಿರಲಿಲ್ಲ. ಮೇಷ್ಟ್ರು ಎಂದು ಗೊತ್ತಾದದ್ದು ಕೂಡ ಅಂಗಿಯ ತೋಳಿಗೆ ಮೆತ್ತಿರುತ್ತಿದ್ದ ಸೀಮೆಸುಣ್ಣದಿಂದ. ಆಮೇಲೊಂದು ವರ್ಷ ಸೀಮೆಸುಣ್ಣ ನಿಂತಿತು. ನಿವೃತ್ತಿಯಾಯಿತು ಎಂದು ರೇಡಿಯೋ ಲೆಕ್ಕ ಹಾಕಿಕೊಂಡ. ಇಪ್ಪತ್ತೆರಡು ವರ್ಷ, ಮೂರು ವಾರಕ್ಕೊಮ್ಮೆ, ಶನಿವಾರ ಹತ್ತು ಗಂಟೆಗೆ ಬಂದು ಕಣ್ಣು ಮುಚ್ಚಿ ಕೂರುತ್ತಿದ್ದರು. ಇವನ ಮಾತನ್ನೆಲ್ಲ ಕೇಳುತ್ತಿದ್ದರು. ಬಟ್ಟೆ ಬಿಚ್ಚುವಾಗ ಕಣ್ಣು ತೆರೆದು ಒಂದೇ ಒಂದು ವಾಕ್ಯ ಹೇಳಿ ಎದ್ದುಹೋಗುತ್ತಿದ್ದರು. ನಲ್ಲಿ ಸೋರಿ ಗೋಡೆ ನೆನೆದ ಕತೆಯನ್ನು ಅರ್ಧ ಗಂಟೆ ಕೇಳಿದ ಮೇಲೆ ಅವರು ಹೇಳಿದ್ದು, “ಗೋಡೆ ಅಳ್ತಿದೆ ಅಂದ್ರೆ, ನಿಮ್ಮ ಮಾತು ಅದಕ್ಕೂ ಕೇಳಿಸಿದೆ.” ಆ ಒಂದು ವಾಕ್ಯವನ್ನು ರೇಡಿಯೋ ಮೂರು ವಾರ ಬೇರೆ ಗಿರಾಕಿಗಳಿಗೆ ಹೇಳಿಕೊಂಡು ನಕ್ಕಿದ್ದ.

ಕಾಯಿಲೆಯ ಸುದ್ದಿ ದಟ್ಟವಾದ ವಾರ, ಎಲ್ಲ ಮುಚ್ಚುತ್ತಾರಂತೆ ಎಂಬ ಗಾಳಿಮಾತಿಗೆ ಇಡೀ ಬಡಾವಣೆಯ ತಲೆಗಳು ಒಂದೇ ದಿನ ಅಂಗಡಿಗೆ ನುಗ್ಗಿದವು. ಅದು ಶನಿವಾರ. ಬೆಂಚು ಭರ್ತಿ, ಮೆಟ್ಟಿಲ ಮೇಲೂ ಜನ. ಎರಡನೇ ಕುರ್ಚಿಯ ಜೊತೆಗಾರ ಊರಿಗೆ ಹೊರಟುಬಿಟ್ಟಿದ್ದರಿಂದ ರೇಡಿಯೋ ಒಬ್ಬನೇ. ಹತ್ತು ಗಂಟೆಗೆ ಸರಿಯಾಗಿ ಮೇಷ್ಟ್ರು ಬಾಗಿಲಲ್ಲಿ ಬಂದು ನಿಂತರು. ರೇಡಿಯೋ ಬಾಚಣಿಗೆ ಹಿಡಿದ ಕೈಯನ್ನೇ ಮೇಲೆತ್ತಿ, ಬರೋ ಶನಿವಾರ ಬನ್ನಿ ಮೇಷ್ಟ್ರೇ, ಆರಾಮಾಗಿ ಕೂರಬಹುದು ಎಂದು ಕೂಗಿದ. ಅವರು ತಲೆಯಾಡಿಸಿ ಹೋದರು. ಮುಚ್ಚಿದರೂ ನಾಲ್ಕು ದಿನದ ಮಾತು ಎಂದು ಎಲ್ಲರಂತೆ ಅವನೂ ನಂಬಿದ್ದ.

ಸೋಮವಾರ ಎಳೆದ ಶಟರು ನಾಲ್ಕು ತಿಂಗಳು ಮೇಲೇಳಲಿಲ್ಲ.

ಮೊದಲ ವಾರ ಅವನು ನಿದ್ದೆ ಮಾಡಿದ. ಎರಡನೇ ವಾರ ತರಕಾರಿ ಗಾಡಿಯವನನ್ನು ಕೂಗಲು ಹೋದರೆ ಗಂಟಲಿಂದ ಸ್ವರವೇ ಹೊರಡಲಿಲ್ಲ. ಎರಡು ಸಲ ಕೆಮ್ಮಿ ಸರಿಮಾಡಿಕೊಳ್ಳಬೇಕಾಯಿತು. ಆ ಕೆಮ್ಮು ಕೇಳಿ ಗಾಡಿಯವನು ಗಾಡಿಯನ್ನೇ ತಳ್ಳಿಕೊಂಡು ಓಡಿದ. ನದಿಯಾಚೆಯ ಬಡಾವಣೆಯಲ್ಲಿದ್ದ ತಂಗಿ ಸಂಜೆ ಫೋನು ಮಾಡುತ್ತಿದ್ದಳು. ಸೇತುವೆಗೆ ಅಡ್ಡ ಕಬ್ಬಿಣದ ಬೇಲಿ ಹಾಕಿದ್ದರು, ಬರಲು ಅವಳಿಗಾಗದು, ಹೋಗಲು ಇವನಿಗಾಗದು. ಅಣ್ಣ ಊಟ ಆಯ್ತಾ, ಕೈ ತೊಳ್ಕೊಂಡ್ಯಾ ಎಂದು ಕೇಳಿ ಅವಳು ತನ್ನ ಮಕ್ಕಳ ಗಲಾಟೆಯ ನಡುವೆ ಫೋನಿಡುತ್ತಿದ್ದಳು. ಫೋನಿಟ್ಟ ಮೇಲೆ ಕೋಣೆ ಇನ್ನೂ ದೊಡ್ಡದಾದ ಹಾಗೆ ಅವನಿಗೆ ಅನ್ನಿಸುತ್ತಿತ್ತು.

ಹೊತ್ತು ಹೋಗದೆ ಕಿಟಕಿಯಲ್ಲಿ ಕೂರುತ್ತಿದ್ದ. ಹಾಲಿಗೆ, ಔಷಧಿಗೆ ಬಂದು ಹೋಗುವವರ ತಲೆಗಳನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು. ಹೆಂಡತಿಯರು ಗಂಡಂದಿರ ತಲೆಗೆ, ಗಂಡಂದಿರು ಮಕ್ಕಳ ತಲೆಗೆ ಕೈ ಹಾಕಿದ್ದರು. ಇಲಿ ಮೇಯ್ದ ಹಾಗಿರುವ ತಲೆ, ಒಂದು ಕಿವಿಯ ಮೇಲೆ ಮಾತ್ರ ಕೂದಲಿರುವ ತಲೆ. ಔಷಧಿ ಅಂಗಡಿಯವನು ವೀಡಿಯೊ ಕಾಲ್ ಮಾಡಿ ಕೂತು, ಹೆಂಡತಿಯ ಕೈಗೆ ಕತ್ತರಿ ಕೊಟ್ಟ. ರೇಡಿಯೋ ಇತ್ತಲಿಂದ ದಾರಿ ಹೇಳಿದ: ಬಾಚಣಿಗೆ ಎತ್ತಿ ಹಿಡೀರಿ ತಾಯಿ, ಮೇಲಕ್ಕೆ, ಇನ್ನೂ ಮೇಲಕ್ಕೆ. ಆಕೆಗೆ ಫೋನಿನಲ್ಲಿ ಬಲ ಯಾವುದು ಎಡ ಯಾವುದು ತಿಳಿಯದೆ, ಕೊನೆಗೆ ಗಂಡ ಹದಿನೈದು ದಿನ ಟೋಪಿಯಲ್ಲೇ ವ್ಯಾಪಾರ ಮಾಡಿದ. ಆ ಅರ್ಧ ಗಂಟೆ ರೇಡಿಯೋ ಎಷ್ಟು ಸುಖಪಟ್ಟನೆಂದರೆ, ಮರುದಿನವೂ ಯಾರಾದರೂ ಕರೆಯಬಹುದೆಂದು ಫೋನನ್ನು ಕೈಯಲ್ಲೇ ಹಿಡಿದು ಕೂತಿದ್ದ. ಯಾರೂ ಕರೆಯಲಿಲ್ಲ.

ಆಗಲೇ, ಮೂರನೇ ತಿಂಗಳಲ್ಲಿ, ಅವನು ಒಳಬಾಗಿಲಿನಿಂದ ಅಂಗಡಿಗೆ ಇಳಿಯತೊಡಗಿದ್ದು. ಶಟರು ಮುಚ್ಚಿದ ಮಬ್ಬಿನಲ್ಲಿ ಧೂಳು ಒರೆಸಿ, ಖಾಲಿ ಕುರ್ಚಿಗೆ ಬಟ್ಟೆ ಕಟ್ಟಿ, ಕೈಗೆ ಅಭ್ಯಾಸ ತಪ್ಪದಿರಲಿ ಎಂದು ಗಾಳಿಯಲ್ಲಿ ಕತ್ತರಿ ಆಡಿಸುತ್ತಿದ್ದ. ಕತ್ತರಿ ಆಡಿದರೆ ಬಾಯಿ ಸುಮ್ಮನಿರುತ್ತದೆಯೇ? ಕುರ್ಚಿಯಲ್ಲಿ ಮೇಷ್ಟ್ರು ಕಣ್ಣು ಮುಚ್ಚಿ ಕೂತಿದ್ದಾರೆ ಅಂದುಕೊಂಡು ಗಾಡಿಯವನು ಓಡಿದ್ದನ್ನೂ ಟೋಪಿಯ ಕತೆಯನ್ನೂ ಹೇಳುತ್ತಿದ್ದ. ಕೊನೆಯ ವಾಕ್ಯ ಮಾತ್ರ ಬರುತ್ತಿರಲಿಲ್ಲ. ಅದನ್ನು ತಾನೇ ಕಟ್ಟಲು ಎಷ್ಟು ಸಲ ಪ್ರಯತ್ನಿಸಿದರೂ ಅವರ ಮಾತಿನ ಧಾಟಿ ಇವನ ನಾಲಿಗೆಗೆ ಹತ್ತಲಿಲ್ಲ.

ಬೀದಿಗೆ ಆಂಬುಲೆನ್ಸು ಬರತೊಡಗಿದ ಮೇಲೆ ಅವನಿಗೆ ಹೆದರಿಕೆ ಹತ್ತಿತು. ಟೀವಿಯಲ್ಲಿ ದಿನಾ ಸಂಖ್ಯೆ ಹೇಳುತ್ತಿದ್ದರು. ಆ ಸಂಖ್ಯೆಯೊಳಗೆ ಯಾವ ತಲೆ ಇದೆ ಎಂದು ಹೇಳುತ್ತಿರಲಿಲ್ಲ. ಮೇಷ್ಟ್ರಿಗೆ ಏನಾದರೂ ಆಗಿದ್ದರೆ ತನಗೆ ತಿಳಿಸುವವರು ಯಾರು? ಅವರಿಗೆ ತಾನು ಯಾರು? ಇಪ್ಪತ್ತೆರಡು ವರ್ಷ ತಲೆ ಮುಟ್ಟಿದವನಿಗೆ ಅವರ ಮನೆ ಯಾವ ದಿಕ್ಕಿಗಿದೆ ಎಂಬುದೂ ಗೊತ್ತಿರಲಿಲ್ಲ. ಕೊನೆಗೆ ತಡೆಯಲಾರದೆ ಔಷಧಿ ಅಂಗಡಿಗೆ ಹೋಗಿ ವಿಚಾರಿಸಿದ. ಯಾವ ಮೇಷ್ಟ್ರು, ಹೆಸರೇನು, ನೋಡೋಕೆ ಹೇಗಿದ್ದಾರೆ ಎಂದು ಅಂಗಡಿಯವನು ಕೇಳಿದ. ರೇಡಿಯೋಗೆ ಹೊಳೆದದ್ದು ಒಂದೇ ಗುರುತು, ಎರಡು ಸುಳಿ.

“ಮಾತ್ರೆ ಕೊಡೋವಾಗ ನಾನು ನೆತ್ತಿ ನೋಡ್ತೀನೇನೋ?” ಎಂದ ಔಷಧಿ ಅಂಗಡಿಯವನು.

ರೇಡಿಯೋಗೆ ನಗು ಬರಲಿಲ್ಲ. ಅವತ್ತು ಬೆಂಚಿನಲ್ಲಿದ್ದ ಯಾವನನ್ನಾದರೂ ಎಬ್ಬಿಸಿ ಮೇಷ್ಟ್ರನ್ನು ಕೂರಿಸಬಹುದಿತ್ತು. ಅರ್ಧ ಗಂಟೆಯ ಕೆಲಸ. ಬಾಗಿಲಿಂದಲೇ ವಾಪಸು ಕಳಿಸಿದೆನಲ್ಲ ಎಂಬುದೇ ಮನಸ್ಸನ್ನು ಕೊರೆಯತೊಡಗಿತು. ಅವರು ಒಂದು ಸಲ ಬಂದು ಕುರ್ಚಿಯಲ್ಲಿ ಕೂತರೆ ಸಾಕು, ಬೇರೇನೂ ಬೇಡ ಎಂದು ದಿನಾ ಅಂದುಕೊಳ್ಳುತ್ತಿದ್ದ.

ಅಂತೂ ಅಂಗಡಿ ತೆರೆಯಲು ಅಪ್ಪಣೆಯಾಯಿತು. ಒಳಗೆ ಒಂದು ಸಲಕ್ಕೆ ಒಬ್ಬನೇ, ಉಳಿದವರು ಹೊರಗೆ ಬಿಳಿ ಸುಣ್ಣದ ವೃತ್ತಗಳಲ್ಲಿ. ಎಲ್ಲರಿಗೂ ಮಾಸ್ಕು, ರೇಡಿಯೋಗೆ ಅದರ ಮೇಲೆ ಪ್ಲಾಸ್ಟಿಕ್ಕಿನ ಮುಖಗವಚ, ಕೈಗವಸು. ಉಸಿರಿಗೆ ಕವಚ ಮಂಜಾಗಿ ಅರ್ಧ ಕಂಡರೆ ಅರ್ಧ ಕಾಣದು. ಆದರೂ ಅವನಿಗೆ ಚಿಂತೆಯಿರಲಿಲ್ಲ. ಊರಿಗೆಲ್ಲ ಮುಖ ಮುಚ್ಚಿದ್ದರಿಂದ ಯಾರು ಯಾರೆಂದು ತಿಳಿಯದ ಪೇಚಾಟ. ಇವನಿಗೆ ಬೇಕಾದ ಭಾಗ ತೆರೆದೇ ಇತ್ತು.

ಮೊದಲ ಶನಿವಾರ ಹತ್ತರ ಹೊತ್ತಿಗೆ ಒಬ್ಬರು ಒಳಗೆ ಬಂದರು. ಬಾಗಿಲು ಮುಚ್ಚಲು ಬೆನ್ನು ತಿರುಗಿಸಿದರು. ಉದ್ದಕ್ಕೆ ಬೆಳೆದ ಬಿಳಿ ಕೂದಲ ನಡುವೆ ಎರಡು ಸುಳಿ, ಒಂದು ಬಲಕ್ಕೆ, ಒಂದು ಎಡಕ್ಕೆ.

“ಬಂದ್ರಾ ಮೇಷ್ಟ್ರೇ,” ಎಂದ ರೇಡಿಯೋ. “ಎಲ್ಲಿ ಹೋಗ್ಬಿಟ್ಟಿದ್ರಿ ಮಾರಾಯ್ರೇ.”

ಬಂದವರು ಬಾಗಿಲ ಹಿಡಿಯ ಮೇಲೆ ಕೈಯಿಟ್ಟೇ ಸ್ವಲ್ಪ ಹೊತ್ತು ನಿಂತರು. ಆಮೇಲೆ ಮಾತಿಲ್ಲದೆ ಬಂದು ಕೂತರು. ಕನ್ನಡಿಯಲ್ಲಿ ಕಂಡದ್ದು ಮಾಸ್ಕು, ಕನ್ನಡಕ, ಅಷ್ಟೇ. ಕೂತ ಕೂಡಲೇ ಕಣ್ಣು ಮುಚ್ಚಿದರು. ರೇಡಿಯೋ ಬಟ್ಟೆ ಕಟ್ಟಿದ್ದೇ ತಡ, ನಾಲ್ಕು ತಿಂಗಳ ಮಾತು ಕಟ್ಟೆಯೊಡೆದು ಬಂತು. ಗಾಡಿಯವನು, ಟೋಪಿ, ಸೇತುವೆಯ ಬೇಲಿ, ಎಲ್ಲ. ಖಾಲಿ ಕುರ್ಚಿಗೆ ಬಟ್ಟೆ ಕಟ್ಟಿ ಅವರೊಂದಿಗೇ ಮಾತಾಡುತ್ತಿದ್ದುದನ್ನು ಕೂಡ ನಾಚಿಕೆ ಬಿಟ್ಟು ಹೇಳಿದ. ಹೇಳುತ್ತ ಹೇಳುತ್ತ ಕತ್ತರಿ ನಿಧಾನವಾಯಿತು.

“ಅವತ್ತು ನಿಮ್ಮನ್ನ ಬಾಗಿಲಿಂದಲೇ ಕಳಿಸ್ಬಿಟ್ಟೆ. ಅದೊಂದು ತಪ್ಪಾಯ್ತು ಮೇಷ್ಟ್ರೇ. ಬೇಜಾರು ಮಾಡ್ಕೊಂಡ್ರಾ?”

ಅವರು ಕಣ್ಣು ತೆರೆಯದೆ, ಇಲ್ಲವೆಂದು ತಲೆಯಾಡಿಸಿದರು.

ರೇಡಿಯೋನ ಎದೆಯಿಂದ ಒಂದು ಚಪ್ಪಡಿಯೇ ಇಳಿದಂತಾಯಿತು. ಹುರುಪಿನಿಂದ ಬಲಗಿವಿಯನ್ನು ಮೆಲ್ಲಗೆ ಮಡಚಿ ಹಿಂದಿನ ಕೂದಲು ತೆಗೆಯಲು ಬಾಗಿದ. ಇಪ್ಪತ್ತು ವರ್ಷದ ಹಿಂದೆ, ಬೀದಿಯಲ್ಲಿ ಲಾರಿಯ ಹಾರ್ನಿಗೆ ಬೆಚ್ಚಿ ಅವನು ಅಲ್ಲಿ ಕತ್ತಿ ತಾಗಿಸಿದ್ದ. ರಕ್ತ ಒರೆಸಿಕೊಳ್ಳುತ್ತ ಮೇಷ್ಟ್ರು, “ಸಹಿ ಹಾಕಿದ್ರಿ, ಇನ್ನು ನಾನು ಬೇರೆ ಅಂಗಡಿಗೆ ಹೋಗೋ ಹಾಗಿಲ್ಲ” ಅಂದಿದ್ದರು. ಆ ಗೆರೆ ಆಮೇಲೆ ಮಾಯಲೇ ಇಲ್ಲ. ಪ್ರತಿ ಸಲವೂ ಕತ್ತರಿಯನ್ನು ಅದರ ಸುತ್ತ ಬಳಸಿ ಒಯ್ಯುತ್ತಿದ್ದ. ಈಗ ಅಲ್ಲಿ ಗೆರೆಯಿರಲಿಲ್ಲ. ಕಿವಿಯ ಹಿಂದೆ ಚರ್ಮ ನುಣ್ಣಗಿತ್ತು.

ರೇಡಿಯೋ ನಿಂತುಹೋದ. ಕನ್ನಡಿಯೊಳಗಿನವರು ಕಣ್ಣು ತೆರೆದಿದ್ದರು.

“ನಾನು ಅವನ ತಮ್ಮ,” ಎಂದರು. “ನೀವು ಅಷ್ಟು ಖುಷಿಯಿಂದ ಮೇಷ್ಟ್ರೇ ಅಂದ್ರಿ. ನನಗೆ ಬಾಯಿ ಬರಲಿಲ್ಲ.”

ಉಳಿದದ್ದನ್ನು ಅವರು ಮೆಲ್ಲಗೆ, ನಿಲ್ಲಿಸಿ ನಿಲ್ಲಿಸಿ ಹೇಳಿದರು. ತಾವಿರುವುದು ನಗರದ ಇನ್ನೊಂದು ತುದಿಯಲ್ಲಿ. ಅಣ್ಣನಿಗೆ ಜ್ವರ ಬಂದದ್ದು, ಆಸ್ಪತ್ರೆಗೆ ಒಯ್ದದ್ದು, ಒಂಬತ್ತನೇ ದಿನ ಮುಗಿದದ್ದು, ಎಲ್ಲ ಫೋನಿನಲ್ಲೇ ತಿಳಿಯಿತು. ಮುಖ ನೋಡಲು ಯಾರನ್ನೂ ಬಿಡಲಿಲ್ಲ. ರಸ್ತೆ ತೆರೆದ ಮೇಲೆ ಬಂದು ಕೋಣೆ ಖಾಲಿ ಮಾಡುವಾಗ ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ಇತ್ತು. ಮೂರು ವಾರಕ್ಕೊಂದು ಶನಿವಾರಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ‘ಸ್ಟೇಷನ್ ಪಕ್ಕ, ಕಟಿಂಗ್, ಹತ್ತು ಗಂಟೆ’ ಎಂದು ಬರೆದಿತ್ತು. ಇಡೀ ವರ್ಷದಲ್ಲಿ ಬೇರೆ ಯಾವ ತಾರೀಕಿಗೂ ಏನೂ ಬರೆದಿರಲಿಲ್ಲ.

“ನನ್ನ ಮಕ್ಕಳ ಹುಟ್ಟಿದ ದಿನ ಕೂಡ ಇರಲಿಲ್ಲ,” ಎಂದರು. “ಅದಕ್ಕೇ, ಹೇಳಬೇಕಾದವರು ಅಂತ ಇದ್ರೆ ನೀವೊಬ್ರೇ ಅನ್ನಿಸ್ತು.”

ಅಂಗಡಿಗಳು ಮುಚ್ಚಿದ ಮೇಲಿನ ಶನಿವಾರಕ್ಕೂ ಸುತ್ತಿತ್ತಂತೆ. ಅದನ್ನು ಹೊಡೆದುಹಾಕಿ ಅದರ ಮುಂದಿನ ಶನಿವಾರಕ್ಕೆ. ಅದನ್ನೂ ಹೊಡೆದು ಮತ್ತೊಂದಕ್ಕೆ. ಹೀಗೆ ಐದು ವಾರ. ಆರನೆಯದಕ್ಕೆ ಸುತ್ತಿರಲಿಲ್ಲ.

ರೇಡಿಯೋ ತಾನು ಖಾಲಿ ಕುರ್ಚಿಗೆ ಬಟ್ಟೆ ಕಟ್ಟತೊಡಗಿದ್ದು ಯಾವಾಗ ಎಂದು ಎಣಿಸಿದ. ಅದು ಮೂರನೇ ತಿಂಗಳು. ಖಾಲಿ ಕುರ್ಚಿಯ ಮುಂದೆ ಅವರೊಂದಿಗೆ ಮಾತಾಡಿದ್ದೆಲ್ಲ ಅವರು ಹೋದ ಮೇಲೆಯೇ, ಬದುಕಿದ್ದಾಗ ಒಂದೇ ಒಂದು ಸಲವೂ ಅಲ್ಲ. ಕಣ್ಣಲ್ಲಿ ನೀರು ಇಳಿಯತೊಡಗಿತು. ಕೈಗವಸಿನ ತುಂಬ ಕೂದಲು, ಮುಖದ ಮುಂದೆ ಪ್ಲಾಸ್ಟಿಕ್ಕು, ಒರೆಸಿಕೊಳ್ಳುವ ಹಾಗಿರಲಿಲ್ಲ. ನೀರು ಮಾಸ್ಕಿನೊಳಗೆ ಇಳಿದು ಬಾಯಿಗೆ ಉಪ್ಪುಪ್ಪಾಗಿ ತಾಗಿತು.

“ಆಗ ಬೇಜಾರಿಲ್ಲ ಅಂತ ತಲೆಯಾಡಿಸಿದ್ರಲ್ಲ,” ಎಂದ. “ಅದು ಯಾರ ಮಾತು?”

“ನಂದೇ. ಅಣ್ಣ ಏನಂತಿದ್ದನೋ ನನಗೆ ಗೊತ್ತಿಲ್ಲ.”

ರೇಡಿಯೋ ಉಳಿದ ಕೆಲಸವನ್ನು ಬಾಯಿ ಬಿಡದೆ ಮುಗಿಸಿದ. ಮೂವತ್ತನಾಲ್ಕು ವರ್ಷದಲ್ಲಿ ಅಂಥದ್ದು ಆದದ್ದು ಅದೇ ಮೊದಲು. ಹೇಗೆ ಬೇಕೆಂದು ಕೇಳಲಿಲ್ಲ. ಎರಡು ಸುಳಿಯ ಕೂದಲು ನೆಟ್ಟಗೆ ನಿಲ್ಲದಂತೆ ಎಷ್ಟು ಉಳಿಸಬೇಕೋ ಅಷ್ಟು ಉಳಿಸಿ, ಕತ್ತಿನ ಹಿಂದೆ ನೇರಕ್ಕೆ ತೆಗೆದು, ಬ್ರಷ್ಷಿನಿಂದ ಕೊಡವಿದ. ಬಟ್ಟೆ ಬಿಚ್ಚಿದಾಗ ಕಿವಿಗೊಟ್ಟು ನಿಂತ, ಆದರೆ ತಮ್ಮ ಏನೂ ಹೇಳಲಿಲ್ಲ. ಅಣ್ಣನ ಅಭ್ಯಾಸ ಅವರಿಗೇನು ಗೊತ್ತು.

ಅವರು ಎದ್ದು ಬಾಗಿಲವರೆಗೆ ಹೋದರು. ಹೊರಗಿನ ವೃತ್ತದಲ್ಲಿದ್ದವನು ಒಳಗೆ ಬರಲು ಒಂದು ಹೆಜ್ಜೆ ಇಟ್ಟ. ಹೋಗುವ ಮೊದಲು ಒಂದು ಮಾತಾಡಿ ಹೋಗೋಣವೆಂದು ಅವರು ತಿರುಗಲಿದ್ದರು.

“ತಿರುಗಬೇಡಿ,” ಎಂದ ರೇಡಿಯೋ. “ಸ್ವಲ್ಪ ಹೊತ್ತು ಹಾಗೇ ನಿಂತ್ಕೊಳ್ಳಿ.”

ತಮ್ಮನಿಗೆ ಅರ್ಥವಾಯಿತು. ಬೀದಿಯ ಕಡೆ ಮುಖ ಮಾಡಿ, ಕೈ ಇಳಿಬಿಟ್ಟು ನಿಂತರು. ಹೊರಗಿನವನಿಗೆ, ಇರು ಎಂದು ಕೈಸನ್ನೆ ಮಾಡಿದರು. ರೇಡಿಯೋ ಮುಖಗವಚ ಕಳಚಿ, ಕಣ್ಣೊರೆಸಿಕೊಂಡು, ಆಗಷ್ಟೇ ಕತ್ತರಿಸಿದ ಆ ತಲೆಯನ್ನು ಕಣ್ತುಂಬ ನೋಡಿದ.

“ಸರಿ ಮೇಷ್ಟ್ರೇ,” ಎಂದ. “ಹೋಗಿಬನ್ನಿ.”