ಅತ್ತಿಗೆ ಹುಡುಕಿದ ಬಿಳಿ ಕುದುರೆ

ಹೋದ ತಿಂಗಳು ನಮ್ಮ ಮನೆಗೆ ಹೊಸ ಟೀವಿ ಬಂತು. ಪೆಟ್ಟಿಗೆ ಬಿಚ್ಚಿದ ಕೂಡಲೇ ಥರ್ಮಾಕೋಲ್ ಮತ್ತು ಹೊಸ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಗಂಡ ಗೋಡೆಗೆ ಅಳತೆ ಹಿಡಿಯುತ್ತಿದ್ದರು. ನನಗೆ ಅತ್ತಿಗೆ ನೆನಪಾದರು. ಪಾಳ್ಯದ ನನ್ನ ತವರಿನಲ್ಲಿ, ಮದುವೆಯಾಗಿ ಬಂದ ವಾರದಲ್ಲೇ ಅತ್ತಿಗೆ ಒಂದು ಪೆಟ್ಟಿಗೆ ಬಿಚ್ಚಿದ್ದರು. ಆವತ್ತೂ ಇದೇ ವಾಸನೆ...

ಅತ್ತಿಗೆ ದೋಣಿಗಲ್ ಕಡೆಯವರು. ಅವರ ತಂದೆ ಅಲ್ಲೊಂದು ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಮದುವೆಗೆ ಮುಂಚೆ ಸಕಲೇಶಪುರದ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದ ಅತ್ತಿಗೆ, ಸ್ವಂತ ಸಂಬಳದಲ್ಲಿ ಕೊಂಡದ್ದು ಟೀವಿಗೆ ಜೋಡಿಸಿ ಗೇಮ್ ಆಡುವ ಆ ಯಂತ್ರ. ಪಾತ್ರೆ, ಬೀರುವಿನ ಜೊತೆ ಅದೂ ಬಂದಿಳಿದಾಗ ಅಮ್ಮ ಅದನ್ನು ರೇಡಿಯೋ ಅಂದುಕೊಂಡಿದ್ದರು.

ಆ ವರ್ಷ ನನಗೆ ಗಂಡು ನೋಡುತ್ತಿದ್ದರು. ಬಂದವರು ಉಪ್ಪಿಟ್ಟು ತಿಂದು, ನನ್ನ ಎತ್ತರ ಕೇಳಿ, ನಡೆಸಿ ನೋಡಿ, ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಹೋಗುತ್ತಿದ್ದರು. ಯಾರೂ ತಿಳಿಸುತ್ತಿರಲಿಲ್ಲ. ನಾನು ಡೈರಿಗೆ ಹಾಲು ಹಾಕಲು ಹೋಗುವುದನ್ನೂ ಬಿಟ್ಟಿದ್ದೆ. ದಾರಿಯಲ್ಲಿ ಸಿಕ್ಕವರು ಕೇಳಿದರೆ ಏನು ಹೇಳುವುದು?

ಒಂದು ಮಧ್ಯಾಹ್ನ ಅತ್ತಿಗೆ ನನ್ನನ್ನು ಟೀವಿಯ ಮುಂದೆ ಕೂರಿಸಿಕೊಂಡರು. ಅಮೆರಿಕದ ಹಳೇ ಕಾಲದ ಬಯಲು ಸೀಮೆ, ಟೋಪಿ ಹಾಕಿದ ಸವಾರ, ಎತ್ತ ಬೇಕಾದರೂ ಹೋಗಬಹುದಾದ ಬೆಟ್ಟ, ಹೊಳೆ, ಊರು. ಮೊದಲು ಕುದುರೆ ಆರಿಸಬೇಕಿತ್ತು. ಲಾಯದಲ್ಲಿ ಸಾಲಾಗಿ ಕುದುರೆಗಳು. ಒಂದೊಂದರ ಪಕ್ಕದಲ್ಲೂ ಓಟ ಎಷ್ಟು, ದಮ್ಮು ಎಷ್ಟು ಎಂದು ತೋರಿಸುವ ಗೆರೆಗಳು. ಅತ್ತಿಗೆ ಒಂದೊಂದನ್ನೇ ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದರು.

"ನನ್ನನ್ನೂ ಹಿಂಗೇ ನೋಡಿ ಹೋಗ್ತಾರೆ ಅತ್ಗೆ," ಅಂದೆ. ತಮಾಷೆಗೆ ಅಂದದ್ದು, ತಮಾಷೆಯಾಗಿ ಕೇಳಿಸಲಿಲ್ಲ.

ಅತ್ತಿಗೆ ತಟ್ಟನೆ ಲಾಯದಿಂದ ಆಚೆ ಬಂದರು. "ಇಲ್ಲಿ ಕೊಂಡ್ಕಳದೇ ಬ್ಯಾಡ ಬುಡು. ಮಂಜಿನ್ ಬೆಟ್ಟದ್ ಮ್ಯಾಲೆ ಒಂದು ಬಿಳೀದು ಐತೆ. ಅದ್ಕಿಂತ ಒಳ್ಳೇದು ಇಲ್ಲ ಅಂತಾರೆ. ಅದನ್ನೇ ಹಿಡಿಯಾನ."

ಆಮೇಲೆ ನಮಗೆ ಅದೇ ಹುಚ್ಚು. ಮಧ್ಯಾಹ್ನ ಪಾತ್ರೆ ತೊಳೆದು, ಅಮ್ಮ ಮಲಗಿದ ಮೇಲೆ ನಾವು ಆ ಬೆಟ್ಟ ಹತ್ತುತ್ತಿದ್ದೆವು. ಮೇಲೆ ಹೆಪ್ಪುಗಟ್ಟಿದ ಕೆರೆ, ಅದರ ದಡದಲ್ಲಿ ಆ ಕುದುರೆ. ಹಿಮದಲ್ಲಿ ಬಿಳೀ ಮೈ ಕಾಣಿಸುತ್ತಲೇ ಇರಲಿಲ್ಲ. ಸ್ವಲ್ಪ ಜೋರಾಗಿ ಹೆಜ್ಜೆ ಇಟ್ಟರೆ ಓಡುತ್ತಿತ್ತು. ಹಗ್ಗ ಹಾಕಿ ಬೆನ್ನೇರಿದರೆ ಎತ್ತಿ ಬಿಸಾಡುತ್ತಿತ್ತು. ನಾನು ಬಿದ್ದಾಗಲೆಲ್ಲ ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. "ಅವಸರ ಮಾಡ್ಬ್ಯಾಡ ಕಣೆ. ಅದ್ಕೂ ನಿನ್ನ ಕಂಡ್ರೆ ಭಯ."

ಅದು ನನಗೆ ಒಲಿದ ದಿನ ನಾವಿಬ್ಬರೂ ಮೈಮರೆತಿದ್ದೆವು. ಕುದುರೆ ಕೆರೆಯ ಸುತ್ತ ಎಗರುತ್ತಿದೆ, ನಾನು ನೈಟಿಯಲ್ಲಿ ನೆಲದ ಮೇಲೆ ಮಂಡಿಯೂರಿ "ನಿಂತ್ಕೊ, ನಿಂತ್ಕೊ" ಎಂದು ಕೂಗುತ್ತಿದ್ದೇನೆ, ಅತ್ತಿಗೆ "ಬುಡಬ್ಯಾಡ, ಹಿಡ್ಕೊ!" ಎಂದು ನನ್ನ ಬೆನ್ನಿಗೆ ಗುದ್ದುತ್ತಿದ್ದಾರೆ. ಕುದುರೆ ನಿಂತಿತು. ತಲೆ ತಗ್ಗಿಸಿ ಬುಸ್ ಎಂದು ಉಸಿರು ಬಿಟ್ಟಿತು. ನಾವು ಕಿರುಚಿ ಒಬ್ಬರನ್ನೊಬ್ಬರು ತಬ್ಬಿಕೊಂಡು ತಿರುಗಿದರೆ ಬಾಗಿಲಲ್ಲಿ ಅಮ್ಮ. ಅವರ ಹಿಂದೆ, ಕಾರು ನಿಲ್ಲಿಸಿ ಒಳಗೆ ಬಂದಿದ್ದ ಗಂಡಿನ ಕಡೆಯವರು. ಈ ಕಡೆ ಬಂದಿದ್ದರಂತೆ, ಹುಡುಗಿಯನ್ನೂ ನೋಡಿ ಹೋಗೋಣ ಎಂದು ಬಂದವರು.

ಅವರು ಕಾಫಿಯನ್ನೂ ಕುಡಿಯಲಿಲ್ಲ. "ನಿಮ್ಮನೇಲಿ ಹೆಣ್ಮಕ್ಕಳು ಚುರುಕಾಗವ್ರೆ," ಎಂದು ನಕ್ಕು ಹೋದರು. ಸಂಜೆಯೊಳಗೆ ಆ ಮಾತು ಊರೆಲ್ಲ ತಿರುಗಿತು.

ಅಮ್ಮ ಕೂಗಾಡಲಿಲ್ಲ. ಅಣ್ಣನ ಕೈಲಿ ದೋಣಿಗಲ್‌ಗೆ ಫೋನ್ ಮಾಡಿಸಿದರು. ಮಾರನೇ ದಿನ ಬೆಳಗಿನ ಬಸ್ಸಿಗೆ ಅತ್ತಿಗೆಯ ತಂದೆ ಬಂದರು. ಎಸ್ಟೇಟಿನಲ್ಲಿ ಆಳುಗಳೆಲ್ಲ ಎದ್ದು ನಿಲ್ಲುತ್ತಿದ್ದ ಮನುಷ್ಯ ನಮ್ಮ ಅಂಗಳದಲ್ಲಿ ಚಪ್ಪಲಿ ಬಿಟ್ಟು, ಕೈ ಮುಗಿದು ನಿಂತರು.

"ತಪ್ಪಾಗ್ಬುಡ್ತು ಕಣಮ್ಮ. ತಾಯಿ ಇಲ್ದಿರೋ ಮಗು. ನಾನು ಸರಿಯಾಗಿ ಬೆಳೆಸ್ಲಿಲ್ಲ."

"ಆಡ್ತಿದ್ದೋಳು ನಾನು," ಎಂದೆ ಒಳಗಿಂದ ಬಂದು. "ಬೇಕು ಅಂತ ಆಡ್ತಿದ್ದೆ. ಅತ್ಗೇದು ಏನೂ ತಪ್ಪಿಲ್ಲ."

"ನೋಡಿದ್ರಾ," ಅಂದರು ಅಮ್ಮ ಅವರಿಗೆ, "ಇವ್ಳಿಗೂ ಎದುರು ಮಾತು ಕಲ್ಸವ್ಳೆ."

ಆ ಮುಗಿದ ಕೈ ಇಳಿಯಲಿಲ್ಲ. ಅತ್ತಿಗೆ ಅಡುಗೆಮನೆ ಬಾಗಿಲಲ್ಲಿ ನಿಂತು ತಂದೆಯನ್ನೇ ನೋಡುತ್ತಿದ್ದರು. ಅಳಲಿಲ್ಲ. ಅಣ್ಣ ಜಗಲಿಯ ಕಂಬಕ್ಕೆ ಒರಗಿ ಮೊಬೈಲು ತಿರುಗಿಸುತ್ತಿದ್ದ. ನನ್ನವರು ಎಂದು ಹೇಳಿಕೊಳ್ಳುವವರನ್ನೆಲ್ಲ ಆವತ್ತು ಒಂದೇ ಅಂಗಳದಲ್ಲಿ ನೋಡಿ, ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಯಂತ್ರ ಅಟ್ಟ ಸೇರಿತು. ಅತ್ತಿಗೆ ಏನೂ ಆಗದವರಂತೆ ದನ ನೋಡಿಕೊಂಡರು, ಗದ್ದೆಗೆ ಬುತ್ತಿ ಒಯ್ದರು. ಅಮ್ಮ ಮದುವೆಮನೆಗೆ ಹೋದ ಒಂದು ದಿನ ನಾನೇ ಕೇಳಿದೆ, "ಅತ್ಗೆ, ಇಳಿಸಿ ಹಾಕಾನಾ?"

"ಬ್ಯಾಡ ಕಣೆ. ಅಪ್ಪ ನಿಂತಿದ್ದು ಕಣ್ಣಿಗೆ ಬತ್ತೈತೆ."

ಮರುವರ್ಷ ಆಲೂರಿನ ಇವರೊಂದಿಗೆ ನನ್ನ ಮದುವೆಯಾಯಿತು. ನನ್ನ ಮಗಳು ಹುಟ್ಟುವ ಹೊತ್ತಿಗೆ ಅತ್ತಿಗೆಗೆ ರಕ್ತದ ಕಾಯಿಲೆ ಬಂತು. ಮಂಗಳೂರಿಗೆ ಓಡಾಡಿದ್ದೇ ಬಂತು, ಉಳಿಯಲಿಲ್ಲ. ಬಾಣಂತಿ ಎಂದು ನನ್ನನ್ನು ಮಣ್ಣಿಗೂ ಕಳಿಸಲಿಲ್ಲ...

ಟೀವಿ ಬಂದ ವಾರ ತಡೆಯಲಾಗದೆ ದೋಣಿಗಲ್‌ಗೆ ಹೋಗಿದ್ದೆ. ಅತ್ತಿಗೆಯ ತಂದೆ ಈಗ ಹೆದ್ದಾರಿಯ ಪಕ್ಕ ಒಂದು ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದಾರೆ. ಲಾರಿ ಹೋದಾಗಲೆಲ್ಲ ಕಿಟಕಿ ಅದುರುತ್ತದೆ. ತಾವೇ ಕಾಫಿ ಮಾಡಿ ಕೊಟ್ಟರು. ಕ್ಷಮೆ ಕೇಳಬೇಕೆಂದು ಹೋದವಳು ಮಳೆ, ಬೆಳೆ ಎಂದು ಮಾತಾಡುತ್ತ ಕೂತೆ. ಕೊನೆಗೆ ಅವರೇ ಕೇಳಿದರು:

"ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡವ್ವ. ನನ್ ಮಗ್ಳು ನಿಮ್ಮನೇಲಿ ನಗ್‌ನಗ್ತಾ ಇದ್ಲಾ?"

"ಇದ್ರು," ಅಂದೆ. "ಸೆರಗು ಬಾಯಿಗೆ ಒತ್ಕಂಡು ನಗ್ತಿದ್ರು."

ಅವರ ಮುಖ ಅರಳಿತು. ಯಾವತ್ತಿನವರೆಗೆ ನಗುತ್ತಿದ್ದಳು ಎಂದು ಅವರು ಕೇಳಲಿಲ್ಲ. ನಾನು ಲೋಟ ತೊಳೆಯುವ ನೆಪದಲ್ಲಿ ಎದ್ದು ಒಳಗೆ ಹೋದೆ.