ಶುಕ್ರವಾರಕ್ಕೆ ಬರೆದ ಮಳೆ

ಅಕ್ಕನ ಹೊಟ್ಟೆಯಲ್ಲಿ ಗಡ್ಡೆ ಇದೆ, ಮೂರು ವಾರದೊಳಗೆ ತೆಗೆಸಬೇಕು, ತೆಗೆದ ಮೇಲಷ್ಟೇ ಅದು ಯಾವ ಬಗೆಯದೆಂದು ಹೇಳಲಾದೀತು ಎಂದು ಮೈಸೂರಿನ ವೈದ್ಯರು ಬರೆದುಕೊಟ್ಟು ಆರು ದಿನಗಳಾಗಿದ್ದವು. ಏಳನೆಯ ದಿನ ಅಕ್ಕ ಗಾಳಿಬೀಡಿನಿಂದ ಫೋನ್ ಮಾಡಿ, ಕಾವೇರಿ ಸಂಕ್ರಮಣ ಕಳೆಯುವವರೆಗೆ ಆಪರೇಷನ್ ಮಾಡಿಸುವುದಿಲ್ಲ ಎಂದಳು. ಆಗಿನ್ನೂ ಜೋರು ಮಳೆಯ ಆಟಿ ತಿಂಗಳು. ಸಂಕ್ರಮಣಕ್ಕೆ ಎರಡು ತಿಂಗಳಿಗೂ ಮಿಕ್ಕಿ ಸಮಯವಿತ್ತು. ಕಾರಣ ಕೇಳಿದೆ. ಭಾವ ಬೇಡ ಎಂದಿದ್ದಾರೆ ಎಂದಳು. ಭಾವ ತೀರಿಕೊಂಡು ವರ್ಷ ತುಂಬಲು ಕೆಲವೇ ದಿನ ಉಳಿದಿದ್ದವು.

ಭಾವನ ಮಾತನ್ನು ಅಕ್ಕನಿಗೆ ತಲುಪಿಸಿದವಳು ಮೂರ್ನಾಡಿನ ಪೇಟೆಯಲ್ಲಿ, ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂರುವ ಐವತ್ತರ ಆಸುಪಾಸಿನ ಹೆಂಗಸು. ಸುತ್ತಲಿನವರು ಅವಳನ್ನು 'ಹೇಳುವ ಅಮ್ಮ' ಎನ್ನುತ್ತಾರೆ. ಕವಡೆಯಿಲ್ಲ, ದೀಪವಿಲ್ಲ, ಮೈಮೇಲೆ ಬರುವುದಿಲ್ಲ. ಸತ್ತವರ ಫೋಟೋದ ಜೆರಾಕ್ಸ್ ಪ್ರತಿಯೊಂದನ್ನು ತರಲು ಹೇಳುತ್ತಾಳೆ. ಅದರ ಮೇಲೆ ಅಂಗೈಯಿಟ್ಟು ಮಾತಾಡುತ್ತಾಳೆ. ಮೂಲ ಫೋಟೋ ಬೇಡವಂತೆ, ಅದು ಮನೆಯಲ್ಲೇ ಇರಬೇಕಂತೆ. ಈ ನಿಯಮವನ್ನು ಮೊದಲು ಕೇಳಿದಾಗ ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು.

ನಾನು ಕಾಫಿ ಸಂಶೋಧನೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕಳೆದು ನಿವೃತ್ತನಾಗಿ ಮೂರ್ನಾಡಿನಲ್ಲಿ ನೆಲೆಸಿದವನು. ಹೂಮಳೆ ಬಂದ ದಿನಕ್ಕೂ ಹೂ ಅರಳಿದ ದಿನಕ್ಕೂ ನಡುವಿನ ಅಂತರವನ್ನು ಲೆಕ್ಕ ಹಾಕುತ್ತಲೇ ತಲೆ ನರೆತಿದೆ. ಯಾರಾದರೂ 'ಹೋದ ವರ್ಷ ಇದೇ ಹೊತ್ತಿಗೆ' ಎಂದರೆ, ಯಾವ ವಾರ ಎಂದು ಕೇಳದೆ ನನ್ನಿಂದ ಇರಲಾಗುವುದಿಲ್ಲ. ಭಾವನ ವರ್ಷಾಂತಿಕಕ್ಕೆ ಬಂಧುಗಳಿಗೆ ಹಂಚಲೆಂದು ಅವರ ಬದುಕಿನ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆಯುತ್ತಿದ್ದೆ. ಅದರ ಪ್ರತಿಯೊಂದು ತಾರೀಕಿಗೂ ಕನಿಷ್ಠ ಎರಡು ಆಧಾರ ಇರಬೇಕೆಂಬುದು ನಾನೇ ಹಾಕಿಕೊಂಡ ಕಟ್ಟು. ಶಾಲೆಯ ದಾಖಲೆ, ಮದುವೆಯ ಕರೆಯೋಲೆ, ಸೊಸೈಟಿಯ ಪಾಸ್‌ಬುಕ್, ಎಲ್ಲವನ್ನೂ ಒಂದಕ್ಕೊಂದು ತಾಳೆ ನೋಡಿದ್ದೆ. ಸಾವಿನ ದಿನದ ವಿವರಕ್ಕಾಗಿ ಅಕ್ಕನ ಮನೆಯ ಪಕ್ಕದ ಜೀಪಿನವರನ್ನು ಮೂರು ಸಲ ವಿಚಾರಿಸಿದ್ದೆ. ಮೂರನೆಯ ಸಲ ಅವರು, "ಸಾರ್, ನಿಮ್ಮ ಹತ್ರ ಮಾತಾಡಿದರೆ ಮಡಿಕೇರಿ ಕೋರ್ಟಿಗೆ ಹೋಗಿ ಬಂದ ಹಾಗಾಗ್ತದೆ" ಎಂದು ನಕ್ಕಿದ್ದರು. ಅಕ್ಕನನ್ನು ಮಾತ್ರ ಕೇಳಿರಲಿಲ್ಲ. ಅವಳ ಗಾಯ ಕೆದಕುವುದು ಬೇಡವೆಂದು ಬಿಟ್ಟೆ. ಅದನ್ನೊಂದು ಸೌಜನ್ಯವೆಂದೇ ಭಾವಿಸಿದ್ದೆ.

ಫೋನ್ ಬಂದ ಮೂರನೆಯ ದಿನ ಅಕ್ಕನ ಜೊತೆ ನಾನೂ ಆ ಕೋಣೆಗೆ ಹೋದೆ. ಮೆಟ್ಟಿಲು ಹತ್ತುವಾಗ ಅವಳು, "ಬಾಯಿ ಮುಚ್ಚಿಕೊಂಡು ಕೂರುವುದಾದರೆ ಬಾ. ನಿನಗೆ ಸತ್ತವರೂ ರಶೀದಿ ಕೊಡಬೇಕು" ಎಂದಳು. ನಮ್ಮ ಮನೆಮಾತು ಅರೆಭಾಷೆ. ಅವಳ ಮಾತನ್ನು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ, ಮೊನಚು ಸ್ವಲ್ಪ ಕಡಿಮೆಯಾಗಿರಬಹುದು.

ಬಾಯಿ ಮುಚ್ಚಿಕೊಂಡೇ ಕೂತೆ. ಆದರೆ ತೊಡೆಯ ಮೇಲೆ ನೋಟ್‌ಬುಕ್ ಇತ್ತು, ಹಾಳೆಯಲ್ಲಿ ಮೂರು ಅಂಕಣಗಳಿದ್ದವು. ಯಾರಿಗೆ ಹೇಳಿದರೂ ಹೊಂದುವ ಮಾತುಗಳು ಮೊದಲನೆಯದಕ್ಕೆ. ಪ್ರಶ್ನೆಯಂತೆ ತೇಲಿಬಿಟ್ಟು, ಎದುರಿಗಿದ್ದವರ ಮುಖ ನೋಡಿ ಗಟ್ಟಿಮಾಡಿಕೊಂಡ ಮಾತುಗಳು ಎರಡನೆಯದಕ್ಕೆ. ಊಹೆಯಿಂದ ಹೇಳಲಾಗದ ಮಾತುಗಳು ಮೂರನೆಯದಕ್ಕೆ. ಇಂಥವರ ಕೆಲಸವೆಲ್ಲ ಮೊದಲೆರಡು ಅಂಕಣಗಳಲ್ಲೇ ಮುಗಿಯುತ್ತದೆ ಎಂದು ನಾನು ನಂಬಿದ್ದೆ. ಅರ್ಧ ಗಂಟೆಯ ಹೊತ್ತು ಹಾಗೆಯೇ ಆಯಿತು. ಹೇಳದೆ ಉಳಿದ ಮಾತೊಂದಿದೆ ಎಂದಳು ಆ ಹೆಂಗಸು, ಯಾರಿಗಿರುವುದಿಲ್ಲ? ಎದೆಯ ಭಾಗದಲ್ಲಿ ಏನೋ ಭಾರ ಕಾಣುತ್ತಿದೆ ಎಂದಳು. ಅಕ್ಕನ ಕಣ್ಣು ತುಂಬಿತು, ಭಾರವು ನೋವಾಯಿತು, ನೋವು ಹೃದಯದ್ದಾಯಿತು. ಮಗಳೊಬ್ಬಳ ವಿಷಯ ಎತ್ತಿದಳು, ಅಕ್ಕನಿಗೆ ಮಕ್ಕಳಿಲ್ಲ. ತಕ್ಷಣವೇ, ಮಗಳ ಹಾಗೆ ನೋಡಿಕೊಂಡವರು ಯಾರೋ ಇದ್ದಾರಲ್ಲ ಎಂದಳು. ಅಕ್ಕ ತಲೆಯಾಡಿಸಿದಳು. ಬರೆಯುತ್ತಾ ಬರೆಯುತ್ತಾ ನನಗೆ ಒಂದು ಬಗೆಯ ಉತ್ಸಾಹವೇ ಬಂದಿತ್ತು. ಮನೆಗೆ ಹೋಗಿ ಇದನ್ನೆಲ್ಲ ಬಿಡಿಸಿ ತೋರಿಸಿದರೆ ಅಕ್ಕ ಮರುದಿನವೇ ಮೈಸೂರಿಗೆ ಹೊರಡುತ್ತಾಳೆ ಎಂದುಕೊಂಡೆ.

ಆಮೇಲೆ ಆ ಹೆಂಗಸು ಕಾಗದದ ಮೇಲಿನ ಕೈಯನ್ನು ಸರಿಸದೆ ಹೇಳಿದಳು: "ಶುಕ್ರವಾರ. ಸಿಲ್ವರ್ ಮರ ರಸ್ತೆಗೆ ಬಿದ್ದ ದಿನ. ಅವತ್ತು ಮಧ್ಯಾಹ್ನ ನೋವು ಬಂತು, ಅವತ್ತೇ ಸುತ್ತುದಾರಿ ಹಿಡಿದು ಆಸ್ಪತ್ರೆಗೆ ಕರಕೊಂಡು ಹೋದಿರಿ. ನೀವು ತಡ ಮಾಡಲಿಲ್ಲ ಅಂತ ಹೇಳ್ತಿದ್ದಾರೆ."

ಹೋದ ಸಲವೂ ಅವಳು ಇದನ್ನೇ ಹೇಳಿದ್ದಳೆಂದು ಆಮೇಲೆ ತಿಳಿಯಿತು. ಇದರ ಬೆನ್ನಿಗೇ, ಈಗ ಅವಸರ ಬೇಡ, ಸಂಕ್ರಮಣ ಕಳೆಯಲಿ, ಅಲ್ಲಿವರೆಗೆ ಕತ್ತಿ ತಾಗಿಸಬೇಡಿ ಎಂಬ ಮಾತೂ ಬಂತು.

ನನ್ನ ಪೆನ್ನು ನಿಂತಿತು. ಶುಕ್ರವಾರ, ಮರ, ಸುತ್ತುದಾರಿ: ಮೂರೂ ಮೂರನೆಯ ಅಂಕಣಕ್ಕೆ ಹೋಗಬೇಕಾದವು. ಮುಖ ನೋಡಿ ಹೇಳುವ ಮಾತುಗಳಲ್ಲ ಅವು. ವಾಪಸು ಬರುವಾಗ ಅಕ್ಕ ನನ್ನ ನೋಟ್‌ಬುಕ್ ಕಡೆ ಒಮ್ಮೆ ನೋಡಿದಳು. ಅದು ಬೈಗುಳಕ್ಕಿಂತ ಕಷ್ಟವಾಯಿತು.

ಮುಂದಿನ ಎರಡು ದಿನ ನಾನು ಒಂದು ಕಡೆ ಕೂತದ್ದಿಲ್ಲ. ಗುಪ್ತ ವಿದ್ಯೆಯೇನಾದರೂ ಇದ್ದೀತೇ ಎಂಬ ಯೋಚನೆ ನನ್ನಂಥವನಿಗೂ ಬಂತು. ಬಂದದ್ದಕ್ಕೆ ನಾಚಿಕೆಯೂ ಆಯಿತು. ಮೂರು ವಾರದಲ್ಲಿ ಹನ್ನೆರಡು ದಿನ ಕಳೆದಿದ್ದವು. ಅಂಗಳಕ್ಕೂ ಒಳಗೂ ತಿರುಗುತ್ತಿದ್ದ ನನ್ನನ್ನು ಕಂಡು ಹೆಂಡತಿ, ಆ ಪುಸ್ತಕದ ಪ್ರೂಫನ್ನಾದರೂ ತಿದ್ದಿ ಕೊಡಿ, ಅಂಗಡಿಯವರು ಎರಡು ಸಲ ವಾಟ್ಸಾಪ್ ಮಾಡಿದ್ದಾರೆ ಎಂದಳು.

ಪ್ರೂಫ್ ತೆಗೆದೆ. ಕೊನೆಯ ಅಧ್ಯಾಯದಲ್ಲಿ ನಾನೇ ಬರೆದ ವಾಕ್ಯವಿತ್ತು: 'ಶುಕ್ರವಾರ, ಸಿಲ್ವರ್ ಮರವೊಂದು ರಸ್ತೆಗೆ ಉರುಳಿದ ದಿನ, ಮಧ್ಯಾಹ್ನ ಎದೆನೋವು ಕಾಣಿಸಿಕೊಂಡಿತು. ತಡಮಾಡದೆ ಸುತ್ತುದಾರಿಯಲ್ಲಿ ಆಸ್ಪತ್ರೆಗೆ ಸಾಗಿಸಲಾಯಿತು.'

ಆ ಪುಟಗಳನ್ನು ಅಕ್ಷರ ಜೋಡಣೆಗೆ ಕೊಟ್ಟದ್ದು ಅದೇ ಜೆರಾಕ್ಸ್ ಅಂಗಡಿಗೆ. ರಕ್ಷಾಪುಟಕ್ಕೆಂದು ಭಾವನ ಫೋಟೋವನ್ನು ಸ್ಕ್ಯಾನ್ ಮಾಡಿಸಿದ್ದೂ ಅಲ್ಲೇ. ಅದೇ ಮುಖದ ಫೋಟೋ ಹಿಡಿದು ಅಕ್ಕ ಹೋಗಿ, ಮೇಲಿನವರಿಗೆ ಒಂದು ಜೆರಾಕ್ಸ್ ಬೇಕು ಎಂದಿದ್ದಾಳೆ.

ಅಂಗಡಿಯವರನ್ನು ಕೇಳಿದೆ. ಅವರು ಮುಚ್ಚಿಡಲಿಲ್ಲ, ಕೇಳಬಾರದ್ದನ್ನು ಕೇಳಿದೆನೆಂಬ ಭಾವವೂ ಅವರ ಮುಖದಲ್ಲಿ ಕಾಣಲಿಲ್ಲ. "ಬಂದವರು ಯಾರು ಏನು ಅಂತ ಅಮ್ಮ ಕೇಳ್ತಾರೆ ಸಾರ್, ಗೊತ್ತಿದ್ದದ್ದು ಹೇಳ್ತೇನೆ. ದುಃಖದಲ್ಲಿ ಬಂದವರ ಹತ್ರ ಏನು ಆಡಬಾರದು ಅಂತ ಅವರಿಗೂ ಗೊತ್ತಿರಬೇಕಲ್ಲ? ನೀವು ಎಷ್ಟು ಚೆನ್ನಾಗಿ ಬರೆದಿದ್ದೀರಿ ಅಂತ ಓದಿ ಹೇಳಿದೆ" ಎಂದರು. ಆ ಹೊಗಳಿಕೆಯನ್ನು ಹೊತ್ತುಕೊಂಡು ಹೊರಗೆ ಬಂದೆ. ಮುಖ ನೋಡಿ ಹೇಳುವ ಜಾಣ್ಮೆಯೋ ಮುಚ್ಚಿಟ್ಟ ತಂತ್ರವೋ ಎಂದು ತಲೆ ಕೆಡಿಸಿಕೊಂಡಿದ್ದೆ. ಎರಡೂ ಇದ್ದವು, ಎರಡನೆಯದಕ್ಕೆ ಸರಕು ಒದಗಿಸಿದವನು ನಾನೇ.

ಆದರೆ ಇಷ್ಟು ಸಾಕಾಗದು ಎಂದು ನನಗೆ ಗೊತ್ತಿತ್ತು. ಅಂಗಡಿಯವರು ಹೇಳಿದರೇನು, ಭಾವನೂ ಹೇಳಿರಬಹುದಲ್ಲ ಎಂದು ಅಕ್ಕ ಕೇಳಿದರೆ ನನ್ನ ಬಳಿ ಉತ್ತರವಿರಲಿಲ್ಲ. ನಿಜವಾದ ಸಂಗತಿಯನ್ನು ಇಬ್ಬರು ಹೇಳಬಹುದು. ಅಭ್ಯಾಸಬಲದಿಂದ, ಆ ಶುಕ್ರವಾರದ ಆಧಾರಗಳನ್ನು ಮತ್ತೊಮ್ಮೆ ತೆಗೆದೆ.

ನಮ್ಮ ಕಡೆ ತೋಟವಿರುವ ಮನೆಯಲ್ಲಿ ಮಳೆಮಾಪಕ ಇದ್ದೇ ಇರುತ್ತದೆ. ಬೆಳಿಗ್ಗೆ ಎಂಟೂವರೆಗೆ ಅದರ ನೀರನ್ನು ಅಳೆದು, ಇಂಚು ಮತ್ತು ಅದರ ನೂರನೆಯ ಪಾಲಾದ ಸೆಂಟುಗಳಲ್ಲಿ ಪುಸ್ತಕಕ್ಕೆ ಬರೆದ ಮೇಲೆಯೇ ಬೇರೆ ಕೆಲಸ. ಭಾವ ಈ ಪುಸ್ತಕವನ್ನು ಒಂದು ದಿನವೂ ತಪ್ಪಿಸಿದವರಲ್ಲ. ಆಸ್ಪತ್ರೆಯ ಕಾಗದ ಶುಕ್ರವಾರ ಸಂಜೆ ಸೇರಿಸಿದ್ದನ್ನೂ ಅಂದೇ ರಾತ್ರಿ ಸಾವಾದದ್ದನ್ನೂ ಹೇಳುತ್ತಿತ್ತು. ನೋವು ಬಂದದ್ದು ಮರ ಬಿದ್ದ ದಿನ, ಆ ಮಳೆಗಾಲದ ಅತಿ ದೊಡ್ಡ ಮಳೆಯ ದಿನ ಎಂದು ಜೀಪಿನವರು ಹೇಳಿದ್ದರು. ಭಾವನ ಪುಸ್ತಕದಲ್ಲಿ ಅತಿ ದೊಡ್ಡ ಅಂಕಿ ಶುಕ್ರವಾರದ ಎದುರಿಗಿತ್ತು. ಎರಡು ಆಧಾರ ಸಿಕ್ಕಿತೆಂದು ಬರೆದುಬಿಟ್ಟಿದ್ದೆ. ನಮ್ಮ ಸಂಶೋಧನಾ ಕೇಂದ್ರದಲ್ಲಿ ಬೆಳಿಗ್ಗೆ ಅಳೆದ ನೀರನ್ನು, ಅದು ಸುರಿದ ಹಿಂದಿನ ದಿನದ ಸಾಲಿಗೆ ಬರೆಯುವ ಪದ್ಧತಿ. ಎಲ್ಲರೂ ಹಾಗೆಯೇ ಬರೆಯುತ್ತಾರೆಂದು ನನ್ನ ಕೈ ನಂಬಿತ್ತು.

ಆ ಪುಟದ ಫೋಟೋ ನನ್ನ ಮೊಬೈಲಿನಲ್ಲಿತ್ತು. ದೊಡ್ಡದು ಮಾಡಿ ನೋಡಿದೆ. ಶುಕ್ರವಾರದ ಅಂಕಿ ಭಾವನದೇ ಕೈಬರಹ. ಶನಿವಾರದ ಸಾಲು ಖಾಲಿ. ಶುಕ್ರವಾರ ಸುರಿದ ಮಳೆಯನ್ನು ಶನಿವಾರ ಬೆಳಿಗ್ಗೆ ಅಳೆಯಲು ಅವರು ಇರಲಿಲ್ಲ. ಹಾಗಿದ್ದರೆ ಈ ಅಂಕಿಯನ್ನು ಅವರು ಬರೆದದ್ದು ಶುಕ್ರವಾರ ಬೆಳಿಗ್ಗೆ. ಅಂದರೆ ಅದು ಗುರುವಾರದ ಮಳೆ. ಮರ ಬಿದ್ದದ್ದು ಗುರುವಾರ. ನೋವು ಬಂದದ್ದು ಗುರುವಾರ. ಆಸ್ಪತ್ರೆಗೆ ಹೊರಟದ್ದು ಮರುದಿನ ಮಧ್ಯಾಹ್ನದ ನಂತರ.

ಶುಕ್ರವಾರ ಎಂಬ ತಪ್ಪು ನನ್ನ ಪ್ರೂಫಿನಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಭಾವ ತಮ್ಮ ನೋವಿನ ದಿನವನ್ನು ನನ್ನ ತಪ್ಪಿನಿಂದ ಕಲಿತು ಹೇಳಲಾರರು. ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯವನ್ನು ನಾನು ಸರ್ವಿಸಿನಲ್ಲೂ ಕಂಡಿರಲಿಲ್ಲ. ಆದರೆ ಅದನ್ನು ಅಕ್ಕನ ಮುಂದಿಡುವುದೆಂದರೆ, ನೀನು ಒಂದು ದಿನ ಕಾದೆ ಎಂದು ಅವಳ ಮುಖಕ್ಕೇ ಹೇಳಿದಂತೆ. ಆ ಹೆಂಗಸು ಕೊಟ್ಟ 'ತಡ ಮಾಡಲಿಲ್ಲ' ಎಂಬ ಒಂದೇ ಸಮಾಧಾನವನ್ನು ಅಕ್ಕನಿಂದ ಕಿತ್ತುಕೊಳ್ಳದೆ ಆ ಹೇಳಿಕೆಯನ್ನು ಸುಳ್ಳೆನ್ನುವ ದಾರಿ ಇರಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಮಡಿಕೇರಿಗೆ ಹೋಗಿ ಅಲ್ಲಿಂದ ಗಾಳಿಬೀಡು ಸೇರಿದೆ. ದಾರಿಯುದ್ದಕ್ಕೂ ವಾಕ್ಯಗಳನ್ನು ಜೋಡಿಸಿ ಕೆಡವಿದ್ದೆ. ಅಕ್ಕ ಕಾಫಿ ಕೊಟ್ಟಳು. ಲೋಟ ಕೆಳಗಿಡುವ ಮೊದಲೇ ಅಂಗಡಿಯವರು ಆಡಿದ್ದನ್ನೂ ಪ್ರೂಫಿನ ವಾಕ್ಯವನ್ನೂ ಹೇಳಿದೆ. ನಂತರ, ಶುಕ್ರವಾರ ಎಂಬುದು ನಾನು ಲೆಕ್ಕ ತಪ್ಪಿ ಬರೆದದ್ದು ಎಂದೆ. 

"ಗುರುವಾರ" ಎಂದಳು ಅಕ್ಕ. "ನನಗೆ ಗೊತ್ತಿಲ್ಲ ಅಂತ ಮಾಡಿದೆಯಾ? ಮನೆಯಲ್ಲಿ ಇದ್ದದ್ದು ನಾನು."

ಮತ್ತೆ ಆ ಹೆಂಗಸಿನ ಮಾತನ್ನು ಹೇಗೆ ನಂಬಿದೆ ಎಂದು ಕೇಳಿದೆ.

"ವಾರ ತಪ್ಪಿದೆ ಅಂತ ಆಗಲೇ ಗೊತ್ತಾಯಿತು. ತಡ ಮಾಡಲಿಲ್ಲ ಅಂತ ಒಬ್ಬರಾದರೂ ಹೇಳಿದರಲ್ಲ ಅಂತ ಸುಮ್ಮನಾದೆ. ಅದನ್ನು ಇಟ್ಟುಕೊಂಡು, ಕತ್ತಿ ತಾಗಿಸಬೇಡಿ ಅಂದದ್ದನ್ನು ಬಿಡಲಿಕ್ಕೆ ಆಗ್ತದಾ? ಹೇಳಿದ್ದು ಎಲ್ಲ ಒಂದೇ ಬಾಯಿ."

ಹೇಳಿ ಅವಳು ಗೋಡೆಯ ಗಡಿಯಾರ ನೋಡಿದಳು. ಎಂಟೂವರೆಗೆ ಎರಡು ನಿಮಿಷವಿತ್ತು. ಕೊಡೆ ತೆಗೆದುಕೊಂಡು ಅಂಗಳ ದಾಟಿ ಮಾಪಕದ ಬಳಿ ಹೋದಳು. ನಾನೂ ಹಿಂದೆ ಹೋದೆ. ನೀರನ್ನು ಅಳತೆಯ ಗಾಜಿಗೆ ಬಗ್ಗಿಸುತ್ತಾ, ನನ್ನ ಕಡೆ ನೋಡದೆ ಹೇಳಿದಳು. ಗುರುವಾರ ಸಂಜೆ ಗ್ಯಾಸ್ ಇರಬೇಕೆಂದು ಶುಂಠಿ ಕಷಾಯ ಮಾಡಿಕೊಟ್ಟಳಂತೆ. ಮರ ಬಿದ್ದಿದೆ, ಬೆಳಗಾಗಲಿ ಎಂದದ್ದು ಭಾವನಂತೆ, ಹೂಂ ಎಂದದ್ದು ಅವಳಂತೆ. ಬೆಳಿಗ್ಗೆ ಎದೆ ಒತ್ತಿಕೊಂಡೇ ಅವರು ಮಳೆ ಅಳೆಯಲು ಹೊರಟಾಗ, ನಾನು ನೋಡಿ ಬರುತ್ತೇನೆ, ನೀವು ಕೂರಿ ಎಂದಳಂತೆ. ನಿನಗೆ ಸೆಂಟು ತಿಳಿಯುವುದಿಲ್ಲ ಎಂದು ಭಾವ ನಗಾಡಿದರಂತೆ.

ಒಳಗೆ ಬಂದು ಮಳೆಯ ಪುಸ್ತಕ ತೆರೆದು, ಅಳೆದ ದಿನದ ಸಾಲಿಗೇ ಅಂಕಿ ಬರೆದಳು, ಭಾವ ಬರೆಯುತ್ತಿದ್ದ ಹಾಗೆಯೇ. ಹೋದ ವರ್ಷದ ಆ ಶನಿವಾರದಿಂದ ಹನ್ನೊಂದು ದಿನ ಖಾಲಿ ಬಿಟ್ಟು, ಅಲ್ಲಿಂದ ಮುಂದೆ ಪ್ರತಿ ದಿನವೂ ಅವಳ ಕೈಬರಹವಿದ್ದುದನ್ನು ನಾನು ಕಂಡದ್ದು ಆಗಲೇ. ಭಾವನ ಪುಟಗಳ ಫೋಟೋ ತೆಗೆದುಕೊಂಡು ಹೋದವನು ಆಚೆಯ ಹಾಳೆಯನ್ನು ತಿರುವಿರಲಿಲ್ಲ.

"ಮೈಸೂರಿಗೆ ಫೋನ್ ಮಾಡು" ಎಂದಳು. "ಬೆಳಗಾಗಲಿ ಅಂತ ಒಂದು ಸಲ ಕಾದದ್ದು ಸಾಕು."

ಆಪರೇಷನ್ ಆಗಿ ನಾಲ್ಕು ದಿನಗಳಾಗಿವೆ. ಗಡ್ಡೆಯ ತುಂಡನ್ನು ಪರೀಕ್ಷೆಗೆ ಕಳುಹಿಸಿದ್ದಾರೆ. ವರದಿ ಇನ್ನೂ ಬಂದಿಲ್ಲ. ಹೆಂಡತಿ ಆಸ್ಪತ್ರೆಯಲ್ಲಿ ಅವಳ ಜೊತೆಗಿದ್ದಾಳೆ. ನಾನು ಗಾಳಿಬೀಡಿನಲ್ಲಿದ್ದೇನೆ, ಅಕ್ಕನ ಅಪ್ಪಣೆಯಂತೆ. ವರ್ಷಾಂತಿಕವನ್ನು ಮುಂದೂಡಿದ್ದೇವೆ. ಪುಸ್ತಕದ ಪ್ರೂಫ್ ಮೇಜಿನ ಮೇಲಿದೆ; ಕೊನೆಯ ಅಧ್ಯಾಯದಲ್ಲಿ ತೀರಿಕೊಂಡ ದಿನವನ್ನಷ್ಟೇ ಉಳಿಸಿ, ನೋವಿನ ದಿನದ ವಾಕ್ಯವನ್ನು ಹೊಡೆದುಹಾಕಲು ಅವಳು ಹೇಳಿದ್ದಾಳೆ. ಹೊಡೆದುಹಾಕಿದ್ದೇನೆ. ಗೊತ್ತಿರುವ ತಾರೀಕನ್ನು ಬರೆಯದೆ ಬಿಟ್ಟದ್ದು ಇದೇ ಮೊದಲು. ಅಲ್ಲಿಗೆ ಬಂದಾಗಲೆಲ್ಲ ಕೈ ಪೆನ್ನಿಗಾಗಿ ತಡಕಾಡುತ್ತದೆ.

ಪ್ರತಿ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆಯುತ್ತೇನೆ. ಬರೆಯುವ ಮೊದಲು ಕ್ಯಾಲೆಂಡರನ್ನು ಎರಡು ಸಲ ನೋಡುತ್ತೇನೆ, ಕೈ ಹಿಂದಿನ ದಿನದ ಸಾಲಿಗೆ ಹೋಗಿಬಿಡುತ್ತದೆಂದು. ಆಮೇಲೆ ಮೈಸೂರಿಗೆ ಫೋನ್ ಮಾಡುತ್ತೇನೆ. ವರದಿ ಬಂತೇ ಎಂದು ನಾನು ಕೇಳುವ ಮೊದಲೇ ಅಕ್ಕ, ಎಷ್ಟಾಯಿತು ಎಂದು ಕೇಳುತ್ತಾಳೆ.