ಬಜೆಟ್ ಸಂಜೆಯ ಸಕ್ಕರೆ

ಬಜೆಟ್ ಇರುವ ದಿನವೇ ತಂಗಿಯ ಮದುವೆ ಮಾತು ಇಟ್ಟುಕೊಳ್ಳುವ ಪೆದ್ದ ಯಾರಿರಬಹುದು ಹೇಳಿ? ನಾನೇ. ಅದೂ ಯಲಬುರ್ಗಾದ ಹೈಸ್ಕೂಲಿನಲ್ಲಿ ಪೌರನೀತಿ ಕಲಿಸುವ ಮಾಸ್ತರ! ಬಜೆಟ್ ದಿನ ಅಂಗಡಿಯಲ್ಲಿ ಕಡ್ಡಿಪೆಟ್ಟಿಗೆಯೂ ಸಿಗುವುದಿಲ್ಲ ಅನ್ನುವುದು ಇಡೀ ರಾಯಚೂರು ಜಿಲ್ಲೆಗೆ ಗೊತ್ತು.

ಹೋದ ವಾರ, ಫೆಬ್ರವರಿಯ ಕೊನೆಯ ದಿನ, ಸಂಜೆ ಐದರ ಬಜೆಟ್ಟಿನ ಹೊತ್ತು. ಕಾರಟಗಿಯಿಂದ ಗಂಡಿನ ಕಡೆಯವರು ಬಂದು ಕೂತಿದ್ದರು. ಅಕ್ಕಿ ವ್ಯಾಪಾರದ ಜನ. ಮಾತುಕತೆಯೆಲ್ಲ ಮುಗಿದು, ಬಾಯಿಗೆ ಸಕ್ಕರೆ ಹಾಕುವುದೊಂದೇ ಬಾಕಿ. (ನಮ್ಮಲ್ಲಿ ಎರಡೂ ಕಡೆಯ ಹಿರಿಯರ ಬಾಯಿಗೆ ಸಕ್ಕರೆ ಬಿದ್ದರೇನೇ ಸಂಬಂಧ ಗಟ್ಟಿ. ಬೆಲ್ಲ ನಡೆಯುವುದಿಲ್ಲ.) ಅವ್ವ ಡಬ್ಬಿ ತೆಗೆದರೆ ಖಾಲಿ. ಇದ್ದದ್ದೆಲ್ಲ ಬಂದವರ ಚಹಾಕ್ಕೆ ಹೋಗಿತ್ತು. ತಿಂಗಳ ಕೊನೆ ನೋಡಿ, ಓಣಿಯಲ್ಲಿ ಯಾರ ಮನೆಯಲ್ಲೂ ರೇಷನ್ ಸಕ್ಕರೆ ಉಳಿದಿರಲಿಲ್ಲ.

ಸಂಗಪ್ಪನ ಕಿರಾಣಿ ಅಂಗಡಿಗೆ ಓಡಿದೆ.

"ಸಕ್ಕರಿ ಇಲ್ರಿ ಮಾಸ್ತರ."

"ನಿನ್ನಿ ಚೀಲ ಇಳಿಸಿದ್ದು ನಾನ ನೋಡೀನಲ್ರಿ?"

"ನಿನ್ನಿದು ನಿನ್ನಿಗೆ ಆತ್ರಿ."

ಗಲ್ಲಾಪೆಟ್ಟಿಗೆಯ ಪಕ್ಕ ರೇಡಿಯೊ. ಅದಕ್ಕೆ ಕಿವಿ ಹಚ್ಚಿದ ನಾಲ್ಕೈದು ಜನ. ಒಳಕೋಣೆಗೆ ಬೀಗ. ಆ ಬಾಗಿಲ ಸಂದಿಯಲ್ಲಿ ಇರುವೆಗಳು ಸಾಲುಗಟ್ಟಿ ಒಳಗೆ ಹೋಗುತ್ತಿದ್ದವು. ಸ್ಟಾಕ್ ಇಲ್ಲದ ಕೋಣೆಯಲ್ಲಿ ಇರುವೆಗೇನು ಕೆಲಸ?

"ದಿಲ್ಲಿಯವರು ಏನೇನು ಏರಸ್ತಾರೋ ಕೇಳೂಣ್ರಿ. ಆಮ್ಯಾಲೆ ಸಕ್ಕರಿ ಸಿಕ್ಕರೂ ಸಿಕ್ಕೀತು" ಅಂದ ಸಂಗಪ್ಪ.

ನನ್ನೊಳಗಿನ ಮಾಸ್ತರ ಎದ್ದ. ಕಾನೂನಿನ ಬಲವಿಲ್ಲದೆ ಯಾವ ತೆರಿಗೆಯನ್ನೂ ಹಾಕುವಂತಿಲ್ಲ ಅಂತ ಸಂವಿಧಾನವೇ ಹೇಳುತ್ತದೆ. ಖಜಾನೆಯ ಕೀಲಿ ಲೋಕಸಭೆಯ ಕೈಯಲ್ಲಿ. ಹಣದ ಮಸೂದೆಯನ್ನು ರಾಜ್ಯಸಭೆ ಕೂಡ ಹದಿನಾಲ್ಕು ದಿನಕ್ಕಿಂತ ಹೆಚ್ಚು ಹಿಡಿದಿಟ್ಟುಕೊಳ್ಳುವಂತಿಲ್ಲ. ಮಕ್ಕಳಿಂದ ಇದನ್ನೇ ಉರು ಹೊಡೆಸಿದ್ದೇನೆ.

"ಇವತ್ತ ಬರೇ ಓದತಾರ್ರಿ. ಲೋಕಸಭಾ ಇನ್ನೂ ಒಪ್ಪಬೇಕು" ಅಂದೆ.

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. "ಅವರು ಯಾವಾಗರೆ ಒಲ್ಲೆ ಅಂದಾರೇನ್ರಿ?" ಅಂದ ಸಂಗಪ್ಪ.

ಅಷ್ಟರಲ್ಲಿ ರೇಡಿಯೊ ಹೇಳಿತು, ಸಿಗರೇಟಿನಂಥವುಗಳ ಮೇಲಿನ ಕೆಲವು ತೆರಿಗೆ ಇಂದು ಮಧ್ಯರಾತ್ರಿಯಿಂದಲೇ ಜಾರಿ. ಸಕ್ಕರೆಯ ಹೆಸರು ಬರಲೇ ಇಲ್ಲ. ಆದರೂ ಬೀಗ ತೆರೆಯಿತು, ಸಕ್ಕರೆ ಹೊರಗೆ ಬಂತು, ರೇಟು ಏರಿತ್ತು!

"ಸಕ್ಕರಿ ಸುದ್ದಿನ ಬರಲಿಲ್ಲಲ್ರಿ?"

"ಬರಬಹುದಿತ್ತಲ್ರಿ!"

ಪೊಟ್ಟಣ ಹಿಡಿದು ಮನೆಗೆ ಬಂದರೆ ಪಡಸಾಲೆ ಖಾಲಿ. ಕೊನೆಯ ಬಸ್ಸಿಗೆ ಹೊತ್ತಾಯಿತೆಂದು ಬೀಗರು ಎದ್ದುಹೋಗಿದ್ದರು. ತಂಗಿ ಕಮಲ ಗೋಡೆಗೆ ಮುಖ ಮಾಡಿ ಕೂತಿದ್ದಳು.

"ಮಾತು ಆತು ಅಂತ ತಿಳಕೋರಿ, ಸಕ್ಕರಿ ಆಮ್ಯಾಲೆ ಅಂತ ಕೈ ಮುಗದೆ. ಹುಡುಗನ ಸೋದರಮಾವ ಕೇಳಲಿಲ್ಲಪಾ" ಅಂದಳು ಅವ್ವ.

ಬಸ್ ಸ್ಟ್ಯಾಂಡಿಗೆ ಓಡಿದೆ. ಆ ಸೋದರಮಾವ ಆಗಲೇ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಿದ್ದರು. ಕಮಲಳಿಗೆಂದು ತಂದ ಸೀರೆಯ ಗಂಟು ಕಂಕುಳಲ್ಲಿ ಹಾಗೇ ಇತ್ತು. ಸಿಟ್ಟಿನಲ್ಲೇ ಕೇಳಿದೆ, "ಅವ್ವನ ಮಾತಿಗರೆ ಬೆಲಿ ಕೊಡಬಾರದಿತ್ತೇನ್ರಿ?"

"ಸಿಟ್ಟಾಗಬ್ಯಾಡ್ರಿ ಮಾಸ್ತರ. ಸಕ್ಕರಿ ಬೀಳೂ ತನಕ ನಿಮ್ಮ ಹುಡುಗಿ ನಿಮ್ಮಕಿ, ನಮ್ಮ ಹುಡುಗ ನಮ್ಮಂವ. ಅದಕ್ಕಿಂತ ಮೊದಲ ಕೊಡಬಾರದು, ತಗೋಬಾರದು. ನಾಳೆ ಯಾರರೆ ಒಲ್ಲೆ ಅಂದ್ರ?"

ಅಲ್ಲೇ ಪೊಟ್ಟಣ ಬಿಚ್ಚಿದೆ. ಅವರ ಬಾಯಿಗೆ, ನನ್ನ ಬಾಯಿಗೆ, ಸೀಟಿ ಊದಲು ಚಡಪಡಿಸುತ್ತಿದ್ದ ಕಂಡಕ್ಟರನ ಬಾಯಿಗೂ ಸಕ್ಕರೆ ಬಿತ್ತು. ಸೀರೆಯ ಗಂಟು ನನ್ನ ಕೈಗೆ ಬಂದದ್ದು ಆಮೇಲೆಯೇ.

ಅಂದಿನಿಂದ ನನಗೊಂದು ಗುಮಾನಿ. ಲೋಕಸಭೆಯ ಒಪ್ಪಿಗೆಗೆ ಮೊದಲೇ ಕೆಲವು ತೆರಿಗೆ ವಸೂಲು ಮಾಡಲಿಕ್ಕೂ ಒಂದು ಕಾನೂನಿದೆ. ಮಸೂದೆ ಪಾಸಾಗದಿದ್ದರೆ ವಾಪಸ್ ಕೊಡುತ್ತಾರಂತೆ. ಯಾರಿಗೆ? ಸೇದಿ ಎಸೆದ ಸಿಗರೇಟಿಗೆ ರಸೀದಿ ಇಟ್ಟುಕೊಂಡವರನ್ನು ನೀವು ಕಂಡಿದ್ದೀರಾ? ಇನ್ನು ಸರ್ಕಾರ ಲೋಕಸಭೆಯ ಮುಂದಿಡುವ ಖರ್ಚಿನ ಬೇಡಿಕೆಗಳು. ಹೊತ್ತು ಮುಗಿಯಿತೆಂದು ಕೊನೆಯ ದಿನ ಎಷ್ಟೋ ಇಲಾಖೆಗಳದ್ದನ್ನು ಚರ್ಚೆಯೇ ಇಲ್ಲದೆ ಒಟ್ಟಿಗೆ ಪಾಸು ಮಾಡಿಬಿಡುತ್ತಾರೆ. (ಅವರಿಗೂ ಕೊನೆಯ ಬಸ್ಸಿನ ಅವಸರವೇ?)

ಬೇಸಿಗೆಯಲ್ಲಿ ಲೋಕಸಭೆ ಒಪ್ಪಿಗೆ ಕೊಡುತ್ತದೆ, ಅನುಮಾನವೇ ಬೇಡ. ಆದರೆ ಸೀರೆ ಉಟ್ಟು ಹಳತಾದ ಮೇಲೆ ಬಾಯಿಗೆ ಬೀಳುವ ಸಕ್ಕರೆಗೆ ಒಪ್ಪಿಗೆ ಅನ್ನುತ್ತಾರೇನು?